ಇಳಿಸದ ಬಾವುಟ

ನದಿ ತಿರುವಿನ ಮನೆ
ಜೂನ್ 23, 1998, ಮಂಗಳವಾರ

ಪ್ರೀತಿಯ ಟಿಲ್ಲಿ,

ಕಣ್ಣಿನ ಪಟ್ಟಿ ಬಿಚ್ಚುವವರೆಗೆ ಏನನ್ನೂ ಓದಬಾರದು ಎಂದು ಫಾರ್ಗೋದ ಡಾಕ್ಟರು ಹೇಳಿದ್ದಾರಂತೆ. ನೀನು ಆ ಮಾತು ಕೇಳುವವಳಲ್ಲ. ಅದಕ್ಕೇ ಅಕ್ಷರವನ್ನು ದಪ್ಪಗೆ ಬರೆಯುತ್ತಿದ್ದೇನೆ.

ಎರಡೇ ಮೈಲಿ ದೂರದಲ್ಲಿರುವವಳಿಗೆ ಕಾಗದ ಬರೆಯುವುದು ವಿಚಿತ್ರ ಅನ್ನಿಸಬಹುದು. ನಿನ್ನೆ ಸಂಜೆ ನಿನ್ನ ಮಗಳ ಕಾರು ನಿನ್ನನ್ನು ಇಳಿಸಿ ಹಿಂತಿರುಗಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಫೋನ್ ಎತ್ತಿದೆ, ಇಟ್ಟೆ. ಹಾಟ್‌ಡಿಶ್ ಅಡುಗೆಯ ಪಾತ್ರೆ ಹಿಡಿದುಕೊಂಡು ಪಿಕಪ್‌ವರೆಗೂ ಹೋದೆ, ಮತ್ತೆ ಒಳಗೆ ತಂದು ಒಲೆಯಲ್ಲಿಟ್ಟೆ. ನಮ್ಮಿಬ್ಬರ ಅಂಚೆಪೆಟ್ಟಿಗೆಗಳು ಒಂದೇ ಕಂಬದ ಮೇಲಿರುವುದು ಇವತ್ತು ಅನುಕೂಲಕ್ಕೆ ಬಂತು. ನನ್ನದನ್ನು ತೆರೆಯಲು ಹೋದಾಗ ನಿನ್ನದಕ್ಕೆ ಇದನ್ನು ಹಾಕಿಬಿಡುತ್ತೇನೆ. ಸ್ಟಾಂಪಿಲ್ಲದ ಕಾಗದ ಪೆಟ್ಟಿಗೆಯಲ್ಲಿ ಕಂಡರೆ ಅಂಚೆಯ ಎಲ್ರಾಯ್ ಬೈಯುತ್ತಾನೆ. ಬೈದುಕೊಳ್ಳಲಿ.

ಮೊದಲು ಕುರಿಗಳ ಸುದ್ದಿ. ನೀನು ಹೋಗಿದ್ದ ಅಷ್ಟೂ ದಿನ ಬೆಳಿಗ್ಗೆ ಸಂಜೆ ಹೋಗಿ ನೋಡಿದ್ದೇನೆ. ಎಲ್ಲ ಆರೋಗ್ಯವಾಗಿವೆ. ಕಿವಿ ಹರಿದ ಕುರಿಯ ಎರಡನೆಯ ಮರಿ ಬಾಟಲಿ ಬಿಟ್ಟು ಹುಲ್ಲಿಗೆ ಬಾಯಿ ಹಾಕುತ್ತಿದೆ. ನೀರಿನ ತೊಟ್ಟಿ ಪಾಚಿ ಕಟ್ಟಿತ್ತು, ತಿಕ್ಕಿ ತೊಳೆದೆ. ನೀನು ಹೇಳಿದ ಹಾಗೆ ಗುಡ್ಡದ ಪಡುವಣ ಮಗ್ಗುಲಿಗೆ ಅವುಗಳನ್ನು ಬಿಡಲಿಲ್ಲ. ಕಾವಲಿನ ಕತ್ತೆ ಮಾತ್ರ ನಾನು ಹೋದಾಗಲೆಲ್ಲ ಬೇಲಿ ಪಕ್ಕ ನಿಂತು, ಕದಿಯಲು ಬಂದವಳನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತಿತ್ತು.

ಇನ್ನು ಹೇಳಬೇಕಾದ ವಿಷಯ.

ಈ ವರ್ಷದ ಮಿಡತೆ ಕಾಟ ನಿನಗೆ ಗೊತ್ತೇ ಇದೆ. ನೀನು ಹೋದ ಮೇಲೆ ಇನ್ನೂ ಹೆಚ್ಚಾಯಿತು. ನನ್ನ ಈರುಳ್ಳಿ ಪಾತಿಯಲ್ಲಿ ಈಗ ಈರುಳ್ಳಿ ಇದ್ದ ಕಡೆಯೆಲ್ಲ ಬರೀ ತೂತು. ಬೇಲಿಯ ಮೇಲೆ ಒಣಹಾಕಿದ್ದ ನಾರ್ವಲ್‌ನ ಅಂಗಿಯ ಕಾಲರನ್ನೂ ತಿಂದವು. ದನಗಳಿಗೆ ಉಳಿಯುವ ಹುಲ್ಲೆಷ್ಟು ಎಂದು ಅವನು ದಿನವೂ ಹುಲ್ಲುಗಾವಲಿನ ತುದಿಯವರೆಗೆ ಹೋಗಿ ನೋಡಿ ಬರುತ್ತಿದ್ದ. ಕೊನೆಗೆ ರಾಯ್ಸ್‌ನ ವಿಮಾನ ಕರೆಸಿ ಶುಕ್ರವಾರ ಬೆಳಿಗ್ಗೆ ಔಷಧಿ ಹೊಡೆಸಿದ.

ಶುರು ಮಾಡಿದಾಗ ಗಾಳಿ ಇರಲಿಲ್ಲ. ಮುಗಿಯುವ ಹೊತ್ತಿಗೆ ಪಡುಗಾಳಿ ಎದ್ದಿತು. ಔಷಧಿ ಬೇಲಿ ದಾಟಿ ನಿನ್ನ ಗುಡ್ಡದ ಮೇಲೆ ಹೋಯಿತು, ಟಿಲ್ಲಿ. ಶನಿವಾರ ಕುರಿಗಳಿಗೆ ನೀರು ಬಿಟ್ಟು ಮೇಲೆ ಹತ್ತಿ ನೋಡಿದೆ. ಹಿಂದಿನ ವಾರ ಸ್ಪರ್ಜ್ ಕಳೆಯ ಗಿಡಕ್ಕೆ ಕಾಲು ತಗುಲಿದರೆ ಅದನ್ನು ತಿನ್ನುವ ನಿನ್ನ ದುಂಬಿಗಳು ಬಾಣಲೆಯ ಸಾಸಿವೆಯ ಹಾಗೆ ಸಿಡಿಯುತ್ತಿದ್ದವು. ಶನಿವಾರ ಒಂದೂ ಸಿಡಿಯಲಿಲ್ಲ. ಬಗ್ಗಿ ನೋಡಿದರೆ ಎಲ್ಲ ಗಿಡದ ಬುಡದಲ್ಲಿ ಬಿದ್ದಿದ್ದವು, ನೀನು ಕೂಕನ್ ಕೇಕಿನ ಮೇಲೆ ಉದುರಿಸುವ ಕರಿ ಗಸಗಸೆಯ ಹಾಗೆ.

ಇದು ಯಾರ ತಪ್ಪೂ ಅಲ್ಲ. ರಾಯ್ಸ್ ಈ ಕೆಲಸದಲ್ಲಿ ಪಳಗಿದವನು. ಹೊರಡುವ ಮುಂಚೆ ಕೇಳಬೇಕಾದ್ದನ್ನೆಲ್ಲ ಕೇಳಿಯೇ ಹೊರಟ. ಗಾಳಿಗೆ ಯಾರು ಏನು ಮಾಡಲು ಆಗುತ್ತದೆ?

ಶನಿವಾರದ ದುಂಬಿ ದಿನದ ಬಗ್ಗೆ ಕೌಂಟಿಯ ಕಳೆ ಇಲಾಖೆಯ ಮೆರಿಲ್ ಆಗಲೇ ಪತ್ರಿಕೆಯಲ್ಲಿ ಹಾಕಿಸಿದ್ದಾನೆ. ಜನ ದುಂಬಿ ಒಯ್ಯಲು ಬಲೆ, ಐಸ್ ಪೆಟ್ಟಿಗೆ ಹಿಡಿದು ಬರುವ ಮೊದಲು ಅವನಿಗೆ ಒಂದು ಫೋನ್ ಮಾಡಿದರೆ ಮುಂದೂಡಬಹುದೇನೋ. ಕಾರಣ ಕೇಳಿದರೆ ನಿನ್ನ ಕಣ್ಣಿನ ಆಪರೇಷನ್ ಇದ್ದೇ ಇದೆ.

ನನಗೆ ತುಂಬ ಬೇಸರವಾಗಿದೆ.

ನಿನ್ನ ನೆರೆಯವಳು,
ಆರ್ಫಾ

ಮರೆತಿದ್ದೆ: ಹಾಟ್‌ಡಿಶ್ ಪಾತ್ರೆಯನ್ನು ನಿನ್ನ ಹಿಂಬಾಗಿಲ ಮೆಟ್ಟಿಲ ಮೇಲೆ ಇಟ್ಟಿದ್ದೇನೆ. ನೀನು ಮಲಗಿರಬಹುದು ಎಂದು ಬಾಗಿಲು ತಟ್ಟಲಿಲ್ಲ.

*

ಜೂನ್ 24, ಬುಧವಾರ

ಆರ್ಫಾ,

ಹಾಟ್‌ಡಿಶ್ ಚೆನ್ನಾಗಿತ್ತು. ಬಾಗಿಲು ತಟ್ಟಿದ್ದರೆ ಬಿಸಿಯಾಗಿಯೂ ಇರುತ್ತಿತ್ತು. ನಾನು ಮಲಗಿರಲಿಲ್ಲ. ಕಿಟಕಿಯ ಪಕ್ಕವೇ ಕುಳಿತಿದ್ದೆ. ನೀನು ಪಾತ್ರೆ ಇಟ್ಟು, ಮೆಟ್ಟಿಲು ಸದ್ದಾಗದ ಹಾಗೆ ಇಳಿದು ಹೋದದ್ದನ್ನು ಒಂದೇ ಕಣ್ಣಿನಲ್ಲಿ ನೋಡಿದೆ.

ನಿನ್ನ ಕಾಗದ ಓದಿ ಬಲೆ ಹಿಡಿದುಕೊಂಡು ಗುಡ್ಡ ಹತ್ತಿದೆ. ಡಾಕ್ಟರಿಗೆ ಹೇಳಬೇಡ. ಒಕ್ಕಣ್ಣಿಗೆ ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ. ಎರಡು ಸಲ ಕುಂಡೆ ಊರಿ ಕುಳಿತೆ. ಈ ತುದಿಯಿಂದ ಆ ತುದಿಯವರೆಗೆ ಬಲೆ ಬೀಸಿಕೊಂಡು ಹೋದೆ. ಹೋದ ವರ್ಷ ಹೀಗೆ ಬೀಸಿದಾಗ ಬಲೆ ಒದ್ದೆ ಕಾಲುಚೀಲದ ಹಾಗೆ ಭಾರವಾಗುತ್ತಿತ್ತು. ನಿನ್ನೆ ಸಿಕ್ಕಿದ್ದು ಎರಡು ಜೇಡ, ಒಂದು ಸತ್ತ ಜೇನು, ಬೆರಳೆಣಿಕೆಯ ದುಂಬಿ. ಮಣ್ಣಿನಿಂದ ತಡವಾಗಿ ಎದ್ದವು ಇರಬೇಕು. ಮೊಟ್ಟೆ ಇಡುವ ಮೊದಲೇ ಉಳಿದವು ಸತ್ತಿವೆ. ಅಂದರೆ ಬರುವ ವರ್ಷವೂ ಇಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಬರೆಯದಿದ್ದರೆ ನನಗೆ ಇವತ್ತು ಅಡುಗೆಮನೆಯಲ್ಲಿ ಬೇರೇನು ಮಾಡಬೇಕೆಂದು ತೋಚುವುದಿಲ್ಲ. ಆ ಗುಡ್ಡ ಒಂದು ಕಾಲಕ್ಕೆ ಬುಡದಿಂದ ನೆತ್ತಿಯವರೆಗೆ ಸ್ಪರ್ಜ್ ಹೂವಿನಿಂದ ಹಳದಿಯಾಗಿತ್ತು. ಪಟ್ಟಣದವರು ಕಾರು ನಿಲ್ಲಿಸಿ ಎಷ್ಟು ಚಂದ ಎಂದು ಫೋಟೋ ತೆಗೆಯುತ್ತಿದ್ದರು. ದನಗಳು ಮೂಸಿ ನೋಡಿ ತಿರುಗಿಕೊಳ್ಳುತ್ತಿದ್ದವು. ಕಾಂಡ ಮುರಿದರೆ ಬರುವ ಆ ಹಾಲು ತಾಗಿದರೆ ಅವುಗಳ ಬಾಯಿ ಹುಣ್ಣಾಗುತ್ತದೆ. ನನ್ನ ಎಮಿಲ್ ಬದುಕಿರುವವರೆಗೂ ಪ್ರತಿ ವರ್ಷ ಔಷಧಿ ಹೊಡೆದ. ಮೇಲಿನದು ಸಾಯುತ್ತಿತ್ತು. ಬೇರು ಬಾವಿಗಿಂತ ಆಳದಲ್ಲಿ ಕುಳಿತು ನಗುತ್ತಿತ್ತು. ಅವನು ಹೋದ ಮೇಲೆ ನಾನು ದನ ಮಾರಿ ಕುರಿ ತಂದೆ, ಕುರಿ ಅದನ್ನು ತಿನ್ನುತ್ತದೆ ಎಂದು. ಕುರಿ ಹತ್ತದ ಕಡಿದಾದ ಮಗ್ಗುಲಿಗೆ ಮೆರಿಲ್ ಕೊಟ್ಟ ಒಂದು ಐಸ್‌ಕ್ರೀಮ್ ಡಬ್ಬಿಯಷ್ಟು ದುಂಬಿ ಬಿಟ್ಟೆ. ಮರಿಹುಳ ಬೇರು ತಿನ್ನುತ್ತದೆ, ದೊಡ್ಡದು ಎಲೆ ತಿನ್ನುತ್ತದೆ, ಬೇರೇನನ್ನೂ ಮುಟ್ಟುವುದಿಲ್ಲ ಎಂದು ಅವನು ಹೇಳಿದ. ನಾಲ್ಕು ಬೇಸಿಗೆ ಏನೂ ಆಗಲಿಲ್ಲ. ಕೆಫೆಯಲ್ಲಿ ನನಗೆ ಹುಳದ ಟಿಲ್ಲಿ ಎಂದು ಹೆಸರಿಟ್ಟರು. ನಾನು ಬಾಗಿಲು ತೆರೆದು ಒಳಗೆ ಬಂದರೆ ನಿನ್ನ ಗಂಡ ನಾರ್ವಲ್ ಕುರಿಯ ಹಾಗೆ ಕೂಗುತ್ತಿದ್ದ. ಸುಳ್ಳೇಕೆ ಹೇಳಲಿ, ನನ್ನ ಕುರಿಗಳಿಗಿಂತ ಚೆನ್ನಾಗಿಯೇ ಕೂಗುತ್ತಿದ್ದ.

ಆಮೇಲೆ ಒಂದು ಜೂನ್‌ನಲ್ಲಿ ಗುಡ್ಡದ ನಡುವೆ ಹಳದಿ ಇಲ್ಲದ ಒಂದು ತೇಪೆ ಕಂಡಿತು. ಮರುವರ್ಷ ಅದು ದೊಡ್ಡದಾಯಿತು. ಈಗ, ಅಂದು ನಕ್ಕವರ ಮಕ್ಕಳೇ ತಮ್ಮ ಗಾವಲಿನ ಸ್ಪರ್ಜ್‌ಗೆ ದುಂಬಿ ಬೇಕೆಂದು ಬಲೆ ಹಿಡಿದು ಬರುತ್ತಾರೆ.

ಇವತ್ತು ಬೆಳಿಗ್ಗೆ ಮೆರಿಲ್‌ನದೇ ಫೋನ್ ಬಂತು. "ಟಿಲ್ಲಿ, ಈ ಸಲ ಮೂರು ಕೌಂಟಿಯವ್ರು ಬರ್ತಿದಾರೆ, ಕೂಕನ್ ಸ್ವಲ್ಪ ಜಾಸ್ತೀನೇ ಮಾಡು. ಮೊಂಟಾನಾ ಗಡಿಯಿಂದ ಒಬ್ಬ ಗಾಡಿ ಹೊಡ್ಕೊಂಡು ಬರ್ತಾನಂತೆ, ಅವನ ಗಾವಲು ಪೂರ್ತಿ ಹೋಗಿದೆಯಂತೆ" ಅಂದ. ಹೇಳಬೇಕು ಎಂದು ಬಾಯಿ ತೆರೆದೆ. "ಗಸಗಸೇದಾ, ಪ್ಲಮ್ಮಿಂದಾ?" ಎಂದು ಕೇಳಿಬಿಟ್ಟೆ. "ಎರಡೂ" ಅಂದ.

ನನ್ನ ಕಣ್ಣನ್ನು ನೆಪ ಮಾಡಿ ಮುಂದೂಡುವುದಿಲ್ಲ. ದುಂಬಿ ಸಿಗುವುದೇ ಈ ಮೂರು ನಾಲ್ಕು ವಾರ, ಮುಂದೂಡಿದರೆ ಅವರಿಗೆ ಒಂದು ವರ್ಷ ಹೋಗುತ್ತದೆ. ಬರುವವರು ಬರಲಿ. ಕಾಫಿ ಕೊಟ್ಟು ಖಾಲಿ ಗುಡ್ಡ ತೋರಿಸುತ್ತೇನೆ. ಏನಾಯಿತು ಎಂದು ಕೇಳುತ್ತಾರೆ. ವಿಮಾನ ಎನ್ನುತ್ತೇನೆ. ಯಾರದು ಎಂದು ಕೇಳುತ್ತಾರೆ.

ಅದಕ್ಕೇ ನಿನ್ನನ್ನು ಒಂದು ಮಾತು ಕೇಳಬೇಕು. ಗಾಳಿ ಎದ್ದಿತು ಎಂದು ಬರೆದಿದ್ದೀಯ. ಗಾಳಿ ಎಲ್ಲ ದಿನವೂ ಏಳುತ್ತದೆ. ಎದ್ದಾಗ ನೋಡಿ ಹೇಳಲಿಕ್ಕೇ ತಾನೇ ಗಾವಲಿನ ತುದಿಯಲ್ಲಿ ಬಾವುಟ ಹಿಡಿದು ಒಬ್ಬರು ನಿಲ್ಲುವುದು? ಮಂಡಿನೋವಿರುವ ನಾರ್ವಲ್‌ಗೆ ಅಷ್ಟು ಹೊತ್ತು ನಿಲ್ಲಲು ಆಗುವುದಿಲ್ಲ. ರಾಯ್ಸ್ ತನ್ನ ಜೊತೆ ಯಾರನ್ನೂ ತರುವುದಿಲ್ಲ. ನಿಮ್ಮ ಮನೆಯಲ್ಲಿ ಇರುವುದು ಇಬ್ಬರೇ.

ಲೆಕ್ಕ ನನಗೂ ಬರುತ್ತದೆ, ಆರ್ಫಾ. ಆದರೂ ನಿನ್ನ ಕೈಯಿಂದಲೇ ಓದಬೇಕು. ಬಾವುಟ ಹಿಡಿದಿದ್ದವರು ಯಾರು?

ಒಟ್ಟಿಲಿಯಾ ವೆಟರ್

ಇನ್ನೊಂದು: ನನ್ನ ಕತ್ತೆಯ ವಿಷಯ. ಅದು ಹೊಸಬರನ್ನು ಕಂಡರೆ ಬೇಲಿಯುದ್ದಕ್ಕೂ ಅಟ್ಟಿಸಿಕೊಂಡು ಹೋಗುತ್ತದೆ. ಮೆರಿಲ್‌ನನ್ನು ಇವತ್ತಿಗೂ ಒಳಗೆ ಬಿಡುವುದಿಲ್ಲ. ಮೊದಲೇ ಗೊತ್ತಿರುವವರನ್ನು ಮಾತ್ರ ಸುಮ್ಮನೆ ನಿಂತು ನೋಡುತ್ತದೆ.

*

ಜೂನ್ 25, ಗುರುವಾರ

ಟಿಲ್ಲಿ,

ಬಾವುಟ ಹಿಡಿದಿದ್ದವಳು ನಾನು.

ಈ ಸಾಲನ್ನು ಬೆಳಿಗ್ಗೆಯೇ ಬರೆದಿಟ್ಟೆ. ಮುಂದಿನದನ್ನು ಬರೆಯಲು ಕುಳಿತಾಗ ಮಧ್ಯಾಹ್ನವಾಗಿದೆ. ಮೊದಲ ಕಾಗದದಲ್ಲಿ ನಾನು ಸುಳ್ಳು ಬರೆದಿರಲಿಲ್ಲ, ಆದರೆ ಒಂದೊಂದು ವಾಕ್ಯವನ್ನೂ ನನ್ನ ಹೆಸರು ತಾಕದ ಹಾಗೆ ಸುತ್ತಿ ಬರೆದಿದ್ದೆ. ಅದು ಸುಳ್ಳಿಗಿಂತ ಕಡೆ. ಈಗ ನಡೆದ ಹಾಗೆ ಬರೆಯುತ್ತೇನೆ.

ರಾಯ್ಸ್ ಕೇಳಬೇಕಾದ್ದನ್ನೆಲ್ಲ ಕೇಳಿದ ಎಂದು ಬರೆದಿದ್ದೆ. ಹೌದು, ಕೇಳಿದ. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ನಮ್ಮ ಅಂಗಳದಲ್ಲಿ ನಿಂತು ಕಾಫಿ ಕುಡಿಯುತ್ತ, "ಸುತ್ತಮುತ್ತ ಜೇನುಪೆಟ್ಟಿಗೆ, ತೋಟ, ಏನಾದ್ರೂ ಇದೆಯಾ? ಈಗ್ಲೇ ಹೇಳ್ಬಿಡಿ, ಆಮೇಲೆ ನನ್ನ ತಲೆಗೆ ಕಟ್ಬೇಡಿ" ಅಂದ.

ನಾರ್ವಲ್ ಹೇಳಿದ: "ಮೂಡಲ ಬೇಲಿ ಆಚೆ ಟಿಲ್ಲಿಯ ಹುಳ ಇದಾವೆ. ಸಾಕಿದ ಹುಳ. ಒಂದೊಂದಕ್ಕೂ ಹೆಸರಿಟ್ಟಿದಾಳೋ ಏನೋ."

"ತಮಾಷೆ ಬಿಡಪ್ಪಾ. ಆ ಕಡೆ ಬಿಟ್ಟು ಹೊಡೀಲಾ, ಹೇಗೆ?"

"ನನ್ನ ಯಾಕೆ ಕೇಳ್ತೀಯ? ಟಿಲ್ಲಿ ಊರಲ್ಲಿಲ್ಲ. ಯಜಮಾನಿಕೆ ಈಗ ಇವಳದ್ದು."

ರಾಯ್ಸ್ ನನ್ನ ಕಡೆ ತಿರುಗಿದ. "ಏನಮ್ಮಾ ಆರ್ಫಾ, ಕುರಿ ಜೊತೆ ಹುಳಾನೂ ಮೇಯಿಸ್ತಿದೀಯಾ?"

ನಾನು ನಕ್ಕೆ, ಟಿಲ್ಲಿ. ಅವರಿಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ನಕ್ಕು, "ಅವಕ್ಕೇನಾಗುತ್ತೆ, ಹೊಡೀರಿ" ಅಂದೆ.

ನೀನು ಫಾರ್ಗೋಗೆ ಹೋಗುವಾಗ ಕುರಿಗಳಿಗಿಂತ ಗುಡ್ಡದ ಮಾತನ್ನೇ ಹೆಚ್ಚು ಹೇಳಿದ್ದೆ. "ಕುರಿಗೆ ಬಾಯಿದೆ ಕಣೇ, ಹಸಿದ್ರೆ ಕೂಗುತ್ತೆ. ಅವಕ್ಕೆ ನೀನೇ ಬಾಯಿ" ಅಂದಿದ್ದೆ. ಅಂಗಳದಲ್ಲಿ ನಗುವಾಗ ಆ ಮಾತು ನನಗೆ ನೆನಪಿತ್ತು. ಮರೆತಿದ್ದೆ ಎಂದು ಬರೆಯಲು ಆಗುವುದಿಲ್ಲ.

ಆಮೇಲೆ ಗಾಳಿ. ವಿಮಾನ ಒಂದೊಂದು ಸಲ ಬಂದು ಹೋದ ಮೇಲೂ ನಾನು ಬೇಲಿಗುಂಟ ಸ್ವಲ್ಪ ಸರಿದು, ಮುಂದಿನ ಸಾಲು ತೋರಿಸಲು ಮತ್ತೆ ಬಾವುಟ ಎತ್ತುತ್ತಿದ್ದೆ. ಗಾವಲಿನ ಮುಕ್ಕಾಲು ಭಾಗ ಮುಗಿದಿತ್ತು. ತಲೆಗೆ ಕಟ್ಟಿದ್ದ ಸ್ಕಾರ್ಫಿನ ತುದಿ ಅಲ್ಲಿಯವರೆಗೆ ಬೆನ್ನ ಮೇಲೆ ಸುಮ್ಮನೆ ಬಿದ್ದಿತ್ತು. ಅದು ಎದ್ದು ಮುಖದ ಮುಂದೆ, ನಿನ್ನ ಗುಡ್ಡದ ಕಡೆಗೆ ಹಾರಾಡಲು ಶುರುವಾಯಿತು. ಅದಕ್ಕಿಂತ ಸ್ಪಷ್ಟವಾಗಿ ಗಾಳಿ ಇನ್ನು ಹೇಗೆ ಹೇಳಬೇಕು? ಬಾವುಟ ಇಳಿಸಿ ನೆಲದ ಮೇಲೆ ಕುಳಿತರೆ ಸಾಕು, ವಿಮಾನ ಮೇಲೇರುತ್ತದೆ. ನಮ್ಮ ಕಡೆ ಬಾವುಟ ಹಿಡಿದ ಎಲ್ಲರಿಗೂ ಗೊತ್ತಿರುವ ರೂಢಿ. ಆ ಹೊತ್ತಿನಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ. ಆಮೇಲೆ ಕೇಳುತ್ತಾರೆ.

ನಾನು ಆ ಆಮೇಲಿನದನ್ನೇ ಯೋಚಿಸಿದೆ. ಆ ಕಡೆ ಇರುವುದು ಟಿಲ್ಲಿಯ ಹುಳ ತಾನೆ, ಅದಕ್ಕೆ ಇಷ್ಟು ಹುಲ್ಲು ಮಿಡತೆ ಪಾಲಾಗಲಿ ಅಂದೆಯಾ ಎಂದು ನಾರ್ವಲ್ ಕೇಳುತ್ತಾನೆ. ಆಗತಾನೆ ನಕ್ಕು ಹೊಡೀರಿ ಅಂದವಳು ಏನು ಉತ್ತರ ಕೊಡಲಿ? ಬಾವುಟ ಎತ್ತಿ ನಿಂತೆ. ವಿಮಾನ ನನ್ನ ತಲೆಯ ಮೇಲೆ ಹೋಯಿತು. ಅದರ ಹಿಂದಿನ ಬಿಳಿ ಮಂಜು ಕೆಳಗಿಳಿಯಲಿಲ್ಲ, ಬೇಲಿ ದಾಟಿ ನಿಧಾನವಾಗಿ ನಿನ್ನ ಇಳಿಜಾರನ್ನು ಹತ್ತಿತು. ನಾನು ನೋಡಿದೆ. ನೋಡಿ, ಮುಂದಿನ ಜಾಗಕ್ಕೆ ಸರಿದು ಮತ್ತೆ ಬಾವುಟ ಎತ್ತಿದೆ.

ನಿನ್ನೆ ನಿನ್ನ ಕಾಗದ ಬಂದ ಮೇಲೆ ಊಟದ ಹೊತ್ತಿಗೆ ನಾರ್ವಲ್‌ಗೆ ಎಲ್ಲ ಹೇಳಿದೆ. ಎಲ್ಲ ಎಂದರೆ ನಿನಗೆ ಇನ್ನೂ ಗೊತ್ತಿಲ್ಲದ್ದನ್ನೂ ಸೇರಿಸಿ. ನಮ್ಮ ನದಿ ತಿರುವಿನ ಮೇಲಿನ ಬಿಸಿಲು ದಿಣ್ಣೆ ನಿನಗೆ ನೆನಪಿರಬೇಕು. ನನ್ನ ಅಪ್ಪನಿಂದ ಬಂದ ತುಂಡು. ಐದಾರು ವರ್ಷದ ಹಿಂದೆ ಅಲ್ಲಿ ಹುಲ್ಲಿನ ಎಸಳೊಂದು ಕಾಣಿಸುತ್ತಿರಲಿಲ್ಲ, ಬರೀ ಸ್ಪರ್ಜ್. ಈಗ ಅಲ್ಲಿ ಸ್ಪರ್ಜ್ ಅರ್ಧಕ್ಕರ್ಧ ಇಲ್ಲ. ಉಳಿದಿರುವುದರ ಮೇಲೆ ದುಂಬಿಗಳಿವೆ. ಬೇಕಾದಷ್ಟು ಇವೆ. ನಿನ್ನೆ ಸಂಜೆ ಹೋಗಿ ನೋಡಿದೆ, ಗಿಡ ಅಲುಗಿಸಿದರೆ ಸಿಡಿಯುತ್ತವೆ. ಹೇಗೆ ಬಂದವು ಎಂದರೆ ಅವಕ್ಕೂ ರೆಕ್ಕೆಗಳಿವೆ.

ನಾರ್ವಲ್ ಚಮಚ ಕೆಳಗಿಟ್ಟ. "ತಿರುವಲ್ಲಿ ಹುಳ ಇದಾವಾ?"

"ಇವೆ."

"ನಾನು ಬೆನ್ನಿಗೆ ಪಂಪು ಕಟ್ಕೊಂಡು ಅಲ್ಲಿಗೆ ಔಷಧಿ ಹೊಡೆದೆನಲ್ಲಾ. ಅದಕ್ಕೆ ಸತ್ತಿದ್ದಲ್ವಾ ಆ ಕಳೆ?"

"ನೀನು ಹೊಡೆದಿದ್ದು ಮೇಲಂಚಿಗೆ. ಅಲ್ಲಿ ಅದು ಇವತ್ತಿಗೂ ಹಾಗೇ ಇದೆ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಎರಡು ವರ್ಷದಿಂದ ಕೆಫೇಲಿ ಕೂತು ಎಲ್ರಿಗೂ ಹೇಳ್ತಿದೀನಿ, ತಿರುವಿನ ಕಳೆ ಕೊಂದವನು ನಾನು ಅಂತ. ಯಾವ ಔಷಧಿ, ಎಷ್ಟು ನೀರು ಅಂತ ಬರೆದೂ ಕೊಟ್ಟಿದೀನಿ. ನೀನು ಪಕ್ಕದಲ್ಲೇ ಕೂತು ಪೈ ತಿಂತಿದ್ದೆ" ಅಂದ.

"ತಿಂತಿದ್ದೆ."

"ಒಂದು ಮಾತು ಆಡ್ಲಿಲ್ಲ."

"ಇಲ್ಲ. ಈಗ ಆಡ್ತೀನಿ. ಶನಿವಾರ ಬರೋರನ್ನ ಅಲ್ಲಿಗೇ ಕಳಿಸ್ತೀನಿ."

"ಈಗ ಮೂರು ಕೌಂಟಿಯವರನ್ನ ಕರೆಸಿ ತೋರಿಸ್ತೀಯಾ? ನಾನು ಅಲ್ಲಿ ಕುರಿ ಥರ ನಿಲ್ಲಬೇಕಾ?"

"ಕುರಿ ಥರ ಕೂಗೋಕೆ ಬರುತ್ತಲ್ಲ, ನಿಲ್ಲೋಕೂ ಬರುತ್ತೆ" ಅಂದೆ. ಅದು ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ಮದುವೆಯಾದಾಗಿನಿಂದ ಅವನಿಗೆ ನಾನು ಆಡಿದ ಅತಿ ಕೆಟ್ಟ ಮಾತು ಅದೇ ಇರಬೇಕು. ಅವನು ಟೋಪಿ ತೆಗೆದುಕೊಂಡು ಹೊರಗೆ ಹೋದ. ಕತ್ತಲಾದ ಮೇಲೆ ಬಂದು ಮಲಗಿದ.

ಇವತ್ತು ಬೆಳಿಗ್ಗೆ ನೋಡಿದೆ. ತಿರುವಿನ ಗಾವಲಿನಲ್ಲಿದ್ದ ಹೋರಿಯನ್ನು ನದಿಯ ಆಚೆ ಅಟ್ಟಿದ್ದಾನೆ. ರಸ್ತೆಯಿಂದ ದಿಣ್ಣೆಯವರೆಗೆ ಗಾಡಿ ಹೋಗುವಷ್ಟು ಅಗಲ ಹುಲ್ಲು ಕೊಯ್ದಿದ್ದಾನೆ. ಶನಿವಾರ ತನಗೆ ಪಟ್ಟಣದಲ್ಲಿ ಕೆಲಸವಿದೆ ಎಂದು ಮಾತ್ರ ಹೇಳಿದ.

ಹಾಗಾಗಿ ಶನಿವಾರ ನಿನ್ನ ಗುಡ್ಡ ತೋರಿಸಿ ಯಾರಿಗೂ ಏನನ್ನೂ ವಿವರಿಸುವ ಕೆಲಸ ನಿನಗಿಲ್ಲ. ಬೆಳಿಗ್ಗೆ ನಿನ್ನ ಗೇಟಿನಲ್ಲಿ ನಾನು ನಿಂತಿರುತ್ತೇನೆ. ಬರುವ ಒಂದೊಂದು ಪಿಕಪ್ಪನ್ನೂ ನಿಲ್ಲಿಸಿ, ಗುಡ್ಡ ಯಾಕೆ ಖಾಲಿಯಾಗಿದೆ, ಬಾವುಟ ಯಾರು ಹಿಡಿದಿದ್ದರು ಎಂದು ಹೇಳಿ ತಿರುವಿನ ಕಡೆಗೆ ಕಳಿಸುತ್ತೇನೆ. ಮೊಂಟಾನಾ ಗಡಿಯವನು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಮೆರಿಲ್‌ಗೆ ಈಗಷ್ಟೇ ಫೋನ್ ಮಾಡಿ ಹೇಳಿದ್ದೇನೆ. ಅವನು ಮೊದಲು "ಟಿಲ್ಲಿಗೆ ಗೊತ್ತಾ?" ಎಂದು ಕೇಳಿದ. ಈ ಕಾಗದ ತಲುಪಿದ ಮೇಲೆ ಗೊತ್ತಾಗುತ್ತದೆ ಅಂದೆ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಕೊಡುವ ಕೆಲಸ ನಿನ್ನ ತಲೆಗೆ ಬೀಳುತ್ತದೆ.

ಆರ್ಫಾ

ಇದನ್ನು ಮಡಿಸಿ ಲಕೋಟೆಗೆ ಹಾಕಿ, ಅಂಚೆಪೆಟ್ಟಿಗೆಯ ಹತ್ತಿರದವರೆಗೂ ಹೋಗಿ ವಾಪಸ್ಸು ಬಂದಿದ್ದೇನೆ. ಇನ್ನೂ ಸುತ್ತಿ ಬರೆದಿದ್ದೇನೆ. ರೆಕ್ಕೆ ಇವೆ ಎಂದು ಬರೆದೆನಲ್ಲ, ಆ ದುಂಬಿಗಳು ಅಷ್ಟು ದೂರ ಹಾರುವುದಿಲ್ಲ ಎಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಿನ್ನ ಕತ್ತೆಗೂ ಗೊತ್ತು. ನಾಲ್ಕು ವರ್ಷದ ಹಿಂದೆ ಎರಡು ಭಾನುವಾರ, ನೀನು ಚರ್ಚಿನಲ್ಲಿದ್ದಾಗ, ತಲೆನೋವು ಎಂದು ಮನೆಯಲ್ಲಿ ಉಳಿದು ನಿನ್ನ ಗುಡ್ಡಕ್ಕೆ ಬಂದೆ. ಬಲೆ ಇರಲಿಲ್ಲ. ನೀಲಿ ಅಂಚಿನ ದಿಂಬಿನ ಚೀಲದಲ್ಲಿ ಬೀಸಿ ತುಂಬಿಕೊಂಡು ಹೋಗಿ ತಿರುವಿನ ದಿಣ್ಣೆಯಲ್ಲಿ ಬಿಟ್ಟೆ. ಕೇಳಿದ್ದರೆ ನೀನು ಕೊಡುತ್ತಿದ್ದೆ. ಆದರೆ ಆ ವಾರವೇ ಕೆಫೆಯಲ್ಲಿ ನಾರ್ವಲ್ ಕುರಿಯ ಹಾಗೆ ಕೂಗಿದ್ದ, ನಾನು ಅವನ ಪಕ್ಕ ಕುಳಿತು ಕಪ್ ನೋಡುತ್ತಿದ್ದೆ. ಆಮೇಲೆ ಯಾವ ಮುಖ ಇಟ್ಟುಕೊಂಡು ಕೇಳಲಿ?

ಇದೂ ಅಲ್ಲ ನಿಜವಾದ ವಿಷಯ. ಶುಕ್ರವಾರ ರಾಯ್ಸ್ ಮೊದಲು ಶುರು ಮಾಡಿದ್ದು ತಿರುವಿನ ಕಡೆಯಿಂದ. ಆಗ ಗಾಳಿಯೇ ಇರಲಿಲ್ಲ. ಆದರೂ ದಿಣ್ಣೆಯ ಹತ್ತಿರ ಬಂದಾಗ ನಾನು ಬಾವುಟ ಇಳಿಸಿ ನೆಲದ ಮೇಲೆ ಕುಳಿತೆ. ವಿಮಾನ ಮೇಲೇರಿ ಹೋಯಿತು. ಕೇಳಿದ್ದಕ್ಕೆ, ನದಿ ಹತ್ತಿರ ಇದೆ, ನೀರಿಗೆ ಬೀಳುತ್ತೆ ಅಂದೆ. ಯಾರೂ ನಗಲಿಲ್ಲ. ಇಳಿಸುವುದು ಎಷ್ಟು ಸುಲಭ ಎಂದು ಗೊತ್ತಿದ್ದೇ ನಿನ್ನ ಬೇಲಿಯ ಹತ್ತಿರ ಎತ್ತಿ ನಿಂತೆ.

ಆ ದಿಂಬಿನ ಚೀಲ ಇನ್ನೂ ಇದೆ. ಶನಿವಾರ ಜನರೆಲ್ಲ ಹೋದ ಮೇಲೆ ತಿರುವಿನಲ್ಲಿ ಅದರ ಬಾಯಿ ಅಗಲಿಸಿ ಹಿಡಿದು ನಿಂತಿರುತ್ತೇನೆ. ಬಲೆ ನಿನ್ನದು, ಬೀಸುವವಳು ನೀನು. ನಿನಗೆ ಸಾಕು ಅನ್ನಿಸುವವರೆಗೆ ಬೀಸು.